ಎರಡನೇ ಸ್ಕ್ಯಾನಿಂಗ್‌ವರೆಗಿನ ಹತ್ತು ದಿನ

ಪ್ರಶ್ನೆ: ನನಗೆ 28 ವರ್ಷ. ಮನೆ ಹುಬ್ಬಳ್ಳಿ, ಕೆಲಸ ಧಾರವಾಡದಲ್ಲಿ. ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಹೋದ ವರ್ಷ ಮೊದಲನೇ ಬಸಿರು ಒಂಬತ್ತನೇ ವಾರದಲ್ಲಿ ಹೋಯಿತು. ಈಗ ಮತ್ತೆ ಬಸುರಿ. ಸಂಕ್ರಾಂತಿ ಮುಗಿದ ಎರಡನೇ ದಿನ ಕಂದು ಬಣ್ಣದ ಕಲೆ ಕಂಡಿತು. ಆಮೇಲೆ ಒಂದೆರಡು ಸಲ ಕೆಂಪಗೂ ಕಂಡಿತು. ಹೊಟ್ಟೆನೋವು ಅಷ್ಟಿಲ್ಲ, ಸೊಂಟ ಎಳೆದ ಹಾಗೆ ಆಗುತ್ತದೆ. ನನ್ನ ತಾರೀಖಿನ ಲೆಕ್ಕಕ್ಕೆ 6 ವಾರ 4 ದಿನ ಆಗಿರಬೇಕಿತ್ತು, ಸ್ಕ್ಯಾನಿಂಗ್‌ನಲ್ಲಿ 5 ವಾರ 5 ದಿನ ಅಂತ ಬಂದಿದೆ. ಗರ್ಭಕೋಶದಲ್ಲಿ ಚೀಲ ಇದೆ, ಯೋಕ್ ಸ್ಯಾಕ್ ಇದೆ, ಹಾರ್ಟ್‌ಬೀಟ್ ಕಂಡಿಲ್ಲ. ರಿಪೋರ್ಟಿನ ಕೊನೆಗೆ ‘ಥ್ರೆಟೆಂಡ್ ಅಬಾರ್ಶನ್’ ಅಂತ ಬರೆದಿದ್ದಾರೆ. ಹತ್ತು ದಿನ ಬಿಟ್ಟು ಬನ್ನಿ ಅಂದರು. ನನ್ನ ಮುಟ್ಟು ಮೊದಲಿಂದಲೂ 35 ದಿನಕ್ಕೊಮ್ಮೆ. ಅತ್ತೆಯವರು ಹಾಸಿಗೆ ಬಿಟ್ಟು ಏಳಬೇಡ ಅನ್ನುತ್ತಾರೆ. ಬಸ್ಸಿನಲ್ಲಿ ನಿಂತು ಹೋಗಿದ್ದಕ್ಕೆ ಹೀಗಾಯಿತಾ? ಹಬ್ಬದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದಿದ್ದಕ್ಕಾ? ದಿನಕ್ಕೆ ಇಪ್ಪತ್ತು ಸಲ ಬಾತ್‌ರೂಮಿಗೆ ಹೋಗಿ ನೋಡುತ್ತೇನೆ. ರಾತ್ರಿ ನಿದ್ದೆ ಇಲ್ಲ. ಗರ್ಭ ನಿಲ್ಲುವ ಇಂಜೆಕ್ಷನ್ ಏನಾದರೂ ಇದೆಯಾ? ಈ ಹತ್ತು ದಿನ ಹೇಗೆ ಕಳೆಯಲಿ ಮೇಡಂ?

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಭಯ ಒಂದಕ್ಕೊಂದು ಗಂಟು ಬಿದ್ದಿವೆ. ನನಗೇನಾದರೂ ಅಪಾಯ ಇದೆಯಾ ಅನ್ನೋದು ಒಂದು. ಈ ಬಸಿರು ನಿಲ್ಲುತ್ತದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಇವತ್ತೇ ಉತ್ತರ ಸಿಗುತ್ತದೆ, ಸಿಗಲೇಬೇಕು. ಎರಡನೆಯದಕ್ಕೆ ಇವತ್ತು ಯಾರ ಹತ್ತಿರವೂ ಉತ್ತರ ಇಲ್ಲ. ನನ್ನ ಹತ್ತಿರ ಇಲ್ಲ, ನಿಮ್ಮ ಡಾಕ್ಟರ್ ಹತ್ತಿರ ಇಲ್ಲ, ರಾತ್ರಿ ಮೂರು ಗಂಟೆಗೆ ನೀವು ಮೊಬೈಲಿನಲ್ಲಿ ಹುಡುಕುತ್ತೀರಲ್ಲ, ಅಲ್ಲಂತೂ ಇಲ್ಲವೇ ಇಲ್ಲ. ಈ ಎರಡು ಭಯಗಳ ಗಂಟು ಬಿಚ್ಚುವುದೇ ಇವತ್ತಿನ ಕೆಲಸ.

ಮೊದಲು ನಿಮ್ಮ ಅಪಾಯದ ಮಾತು. ಶುರುವಿನ ವಾರಗಳಲ್ಲಿ ರಕ್ತ ಕಂಡಾಗ ನಮಗೆ, ಅಂದರೆ ಡಾಕ್ಟರುಗಳಿಗೆ, ನಿಜಕ್ಕೂ ಹೆದರಿಕೆ ಹುಟ್ಟಿಸುವುದು ಒಂದೇ: ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ಕೂತಿರುವುದು. ಎಕ್ಟೋಪಿಕ್ ಅನ್ನುತ್ತೇವೆ. ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗಿರುತ್ತವೆ. ನಾಳ ಒಡೆದರೆ ತಾಯಿಯ ಜೀವಕ್ಕೇ ಕುತ್ತು. ನಿಮ್ಮ ರಿಪೋರ್ಟಿನಲ್ಲಿ ಚೀಲ ಗರ್ಭಕೋಶದ ಒಳಗಿದೆ, ಅದರೊಳಗೆ ಯೋಕ್ ಸ್ಯಾಕ್, ಅಂದರೆ ಶುರುವಿನಲ್ಲಿ ಭ್ರೂಣವನ್ನು ಪೋಷಿಸುವ ಪುಟ್ಟ ಚೀಲ, ಕೂಡ ಕಂಡಿದೆ. ಯೋಕ್ ಸ್ಯಾಕ್ ಕಂಡಿತು ಅಂದರೆ ಅದು ಸುಮ್ನೆ ನೀರಿನ ಗುಳ್ಳೆ ಅಲ್ಲ, ನಿಜವಾದ ಬಸಿರು, ಇರಬೇಕಾದ ಜಾಗದಲ್ಲೇ ಇದೆ. ಇದನ್ನು ನಿಮಗೆ ಯಾರೂ ಬಿಡಿಸಿ ಹೇಳಿದ ಹಾಗೆ ಕಾಣುವುದಿಲ್ಲ. ಆ ಕಾಗದದಲ್ಲಿ ‘ಥ್ರೆಟೆಂಡ್’ ಅನ್ನುವ ಶಬ್ದಕ್ಕಿಂತ ದೊಡ್ಡ ಸುದ್ದಿ ಇದು.

ಆ ಶಬ್ದದ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ವೈದ್ಯಕೀಯ ಭಾಷೆಯಲ್ಲಿ ಗರ್ಭ ತಾನಾಗಿ ಹೋದರೂ ‘ಅಬಾರ್ಶನ್’, ತೆಗೆಸಿದರೂ ‘ಅಬಾರ್ಶನ್’. ‘ಥ್ರೆಟೆಂಡ್’ ಅಂದರೆ ರಕ್ತ ಕಂಡಿದೆ, ಗರ್ಭಕೋಶದ ಬಾಯಿ ಮುಚ್ಚಿದೆ, ಬಸಿರು ಒಳಗೇ ಇದೆ ಅಂತ. ಅಷ್ಟೇ. ಮಳೆ ಬರಬಹುದು ಅಂದ ಹಾಗೆ, ಬಂತು ಅಂತಲ್ಲ. ಅದನ್ನು ಓದಿದ ಹೆಣ್ಣುಮಗಳ ಗತಿ ಏನಾಗುತ್ತದೆ ಅನ್ನುವುದನ್ನು ಈ ಹೆಸರು ಇಟ್ಟವರು ಯೋಚಿಸಿರಲಿಕ್ಕಿಲ್ಲ. ಹಾವೇರಿ ಕಡೆಯ ಒಬ್ಬ ಗಂಡ ನನ್ನ ಎದುರು ನಿಂತು ‘ಅಬಾರ್ಶನ್ ಮಾಡ್ಸು ಅಂತ ನಾವ್ಯಾರೂ ಹೇಳಿಲ್ರೀ ಮೇಡಂ, ಇದ್ಯಾಕ ಬರದಾರ?’ ಅಂತ ಜಗಳಕ್ಕೇ ಬಂದಿದ್ದ. ಅವನ ತಪ್ಪೇನಿಲ್ಲ.

ಈಗ ಆ 6 ವಾರ 4 ದಿನ ಮತ್ತು 5 ವಾರ 5 ದಿನದ ವ್ಯತ್ಯಾಸ. ನಿಮ್ಮ ಅರ್ಧ ನಿದ್ದೆ ಕೆಡಿಸಿದ್ದು ಇದೇ ಅಂತ ನನ್ನ ಊಹೆ. ‘ಮಗು ಬೆಳೆದಿಲ್ಲ’ ಅಂತ ಮನಸ್ಸಿನಲ್ಲಿ ಕೂತಿದೆ, ಅಲ್ವಾ? ಒಂದು ಪೆನ್ನು ಹಿಡಿದು ಕೂರಿ.

ಬಸಿರಿನ ವಾರಗಳನ್ನು ನಾವು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತೇವೆ. ಆ ಲೆಕ್ಕ 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಮಾಡಿದ್ದು. ಅವರಿಗೆ ಹೆಚ್ಚುಕಡಿಮೆ 14ನೇ ದಿನ ಅಂಡ ಬಿಡುಗಡೆ ಆಗುತ್ತದೆ. ನಿಮ್ಮದು 35 ದಿನದ ಮುಟ್ಟು. ನಿಮಗೆ ಅಂಡ ಬಿಡುಗಡೆ ಆಗುವುದೇ 21ನೇ ದಿನದ ಆಚೀಚೆ. ಅಂದರೆ ಬಸಿರು ನಿಂತಿದ್ದೇ ಒಂದು ವಾರ ತಡವಾಗಿ. 6 ವಾರ 4 ದಿನದಲ್ಲಿ 7 ದಿನ ಕಳೆಯಿರಿ. 5 ವಾರ 4 ದಿನ. ಸ್ಕ್ಯಾನಿಂಗ್ ಹೇಳಿದ್ದು 5 ವಾರ 5 ದಿನ. ಒಂದೇ ದಿನದ ಫರಕು, ಅದೂ ಮುಂದಕ್ಕೆ.

ಮಗುವಿನ ಎದೆಬಡಿತ ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಸುಮಾರು 6ನೇ ವಾರಕ್ಕೆ. ಹೊಟ್ಟೆಯ ಮೇಲಿನಿಂದ ನೋಡಿದರೆ ಇನ್ನೂ ಸ್ವಲ್ಪ ತಡ. 5 ವಾರ 5 ದಿನಕ್ಕೆ ಚೀಲ ಮತ್ತು ಯೋಕ್ ಸ್ಯಾಕ್ ಕಂಡು ಬಡಿತ ಕಾಣದಿದ್ದರೆ, ಆ ದಿನಕ್ಕೆ ಕಾಣಬೇಕಾದಷ್ಟು ಕಂಡಿದೆ ಅಂತಲೇ ಅರ್ಥ. ಎಲ್ಲ ಸರಿ ಇದೆ ಅಂತ ನಾನು ಗ್ಯಾರಂಟಿ ಕೊಡುತ್ತಿಲ್ಲ. ಬೆಳವಣಿಗೆ ನಿಂತ ಬಸಿರೂ ಒಂದು ದಿನದ ಚಿತ್ರದಲ್ಲಿ ಹೀಗೇ ಕಾಣಬಹುದು. ಅದಕ್ಕೇ ಹತ್ತು ದಿನ ಬಿಟ್ಟು ಕರೆದಿದ್ದು. ನಾಳೆಯೇ ಇನ್ನೊಂದು ಕಡೆ ಹೋಗಿ ಸ್ಕ್ಯಾನ್ ಮಾಡಿಸಿದರೆ ಇನ್ನೊಂದು ‘ನೋಡೋಣ’ ಸಿಗುತ್ತದೆ, ದುಡ್ಡು ಖರ್ಚಾಗುತ್ತದೆ, ಮನಸ್ಸು ಇನ್ನಷ್ಟು ಕೆಡುತ್ತದೆ. ಹತ್ತು ದಿನದ ಮೇಲೆ ನೀವು 7 ವಾರ ದಾಟಿರುತ್ತೀರಿ. ಆಗ ಬಡಿತ ಇದ್ದರೆ ಕಾಣಲೇಬೇಕು. ಆಗಿನ ಉತ್ತರ ಬಹುಮಟ್ಟಿಗೆ ಖಚಿತ.

ರಕ್ತ ಕಂಡಿದ್ದರ ಬಗ್ಗೆ. ಬಸುರಾದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮೊದಲ ಮೂರು ತಿಂಗಳಲ್ಲಿ ಒಂದಿಷ್ಟಾದರೂ ರಕ್ತ ಕಾಣುತ್ತದೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಬಸಿರು ಮುಂದುವರಿಯುತ್ತದೆ. ಒಮ್ಮೆ ಎದೆಬಡಿತ ಕಂಡಿತು ಅಂದರೆ ಹತ್ತರಲ್ಲಿ ಸುಮಾರು ಒಂಬತ್ತು ನಿಲ್ಲುತ್ತವೆ. ನಮ್ಮ ಮನೆಗಳಲ್ಲಿ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿಯನ್ನೇ ಯಾರೂ ಹೇಳುವುದಿಲ್ಲ. ಹಾಗಾಗಿ ಪಕ್ಕದ ಮನೆಯ ಅಕ್ಕನಿಗೂ ಎಂಟನೇ ವಾರದಲ್ಲಿ ಹೀಗೇ ಆಗಿತ್ತು, ಆ ಮಗ ಈಗ ಹೈಸ್ಕೂಲ್ ಓದುತ್ತಾನೆ ಅನ್ನುವುದು ನಿಮಗೆ ಗೊತ್ತೇ ಆಗುವುದಿಲ್ಲ. ನಿಮಗೊಬ್ಬರಿಗೇ ಆಗಿದೆ ಅನಿಸುವುದು ಅದಕ್ಕೇ.

ಕಂದು ಬಣ್ಣ ಅಂದರೆ ಹಳೆಯ ರಕ್ತ. ಒಳಗೆ ಯಾವಾಗಲೋ ಒಸರಿದ್ದು ನಿಧಾನಕ್ಕೆ ಇಳಿದು ಬರುತ್ತಿದೆ. ಕೆಂಪು ಅಂದರೆ ಹೊಸದು. ಆದರೆ ಒಂದೆರಡು ಹನಿ ಕೆಂಪಿಗೇ ಕೈಕಾಲು ತಣ್ಣಗೆ ಮಾಡಿಕೊಳ್ಳಬೇಕಾಗಿಲ್ಲ. ಗರ್ಭ ಗೋಡೆಗೆ ಅಂಟಿಕೊಳ್ಳುವ ಕಡೆ ಸ್ವಲ್ಪ ರಕ್ತ ನಿಂತು ಒಸರಬಹುದು. ಮುಂದಿನ ರಿಪೋರ್ಟಿನಲ್ಲಿ ‘ಸಬ್‌ಕೋರಿಯಾನಿಕ್ ಹೆಮಟೋಮಾ’ ಅಂತ ಬಂದರೆ ಇದೇ. ಬಹಳಷ್ಟು ಸಲ ತಾನಾಗಿ ಕರಗಿ ಹೋಗುತ್ತದೆ. ಬಸುರಿಯಲ್ಲಿ ಗರ್ಭಕೋಶದ ಬಾಯಿ ಮೆತ್ತಗಾಗಿ, ರಕ್ತ ತುಂಬಿಕೊಂಡಿರುತ್ತದೆ. ಗಂಡಹೆಂಡತಿ ಕೂಡಿದ ಮೇಲೆ, ಒಳಗಿನ ಸ್ಕ್ಯಾನಿಂಗ್ ಆದ ಮೇಲೆ ಅಲ್ಲಿಂದಲೂ ಕಲೆ ಬರಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ.

ಬಸ್ಸು ಮತ್ತು ಎಳ್ಳಿನ ವಿಚಾರಕ್ಕೆ ಬರೋಣ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಶುರುವಿನಲ್ಲೇ ಹೋಗುವ ಬಸಿರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೋಗುವುದು ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್) ಎಣಿಕೆ ತಪ್ಪಿದ್ದರಿಂದ. ಆ ತಪ್ಪು ಅಂಡ, ವೀರ್ಯ ಕೂಡುವ ಹೊತ್ತಿಗೇ ಆಗಿಬಿಟ್ಟಿರುತ್ತದೆ. ನೀವು ಬಸ್ ಹತ್ತುವ ಎಷ್ಟೋ ವಾರ ಮೊದಲೇ. ಚಿಗರಿಯಲ್ಲಿ ನವನಗರದಿಂದ ಧಾರವಾಡದ ತನಕ ಕಂಬಿ ಹಿಡಿದು ನಿಂತಿದ್ದರಿಂದ ಗರ್ಭ ಜಾರುವುದಿಲ್ಲ. ಹಾಗೆ ಜಾರುವುದಾಗಿದ್ದರೆ ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಾ, ಮಲಪ್ರಭೆಯಿಂದ ಕೊಡ ಹೊತ್ತು ತರುತ್ತಾ ಏಳೆಂಟು ಹೆತ್ತ ನಮ್ಮ ಅಜ್ಜಿಯರ ವಂಶವೇ ಬೆಳೆಯುತ್ತಿರಲಿಲ್ಲ. ಎಳ್ಳು ‘ಉಷ್ಣ’ ಅನ್ನುತ್ತಾರೆ. ಹಬ್ಬದ ಸಜ್ಜೆ ರೊಟ್ಟಿಗೆ ಹಚ್ಚುವ ಒಂದು ಚಿಟಿಕೆ ಎಳ್ಳಿನಿಂದ ಏನೂ ಆಗುವುದಿಲ್ಲ. ಹಣ್ಣಾದ ಪಪ್ಪಾಯಿಯ ಒಂದು ಹೋಳಿನಿಂದಲೂ ಆಗುವುದಿಲ್ಲ. ಹಾಲು ಸುರಿಯುವ ಹಸಿ ಪಪ್ಪಾಯಿ ಮಾತ್ರ ಬೇಡ. ಇನ್ನು ‘ನಾನು ಇಷ್ಟು ಚಿಂತೆ ಮಾಡ್ತಿದ್ದೀನಿ, ಅದರಿಂದಲೇ ಹೋಗಿಬಿಟ್ಟರೆ’ ಅನ್ನುವ ಭಯ. ಚಿಂತೆಯ ಬಗ್ಗೆಯೇ ಚಿಂತೆ! ದಿನದ ಚಿಂತೆಯಿಂದ, ಅಳುವುದರಿಂದ ಬಸಿರು ಹೋಗುವುದಿಲ್ಲ. ಅತ್ತು ಹಗುರಾಗಿ.

ಅತ್ತೆಯವರು ಹಾಸಿಗೆ ಬಿಡಬೇಡ ಅನ್ನುವುದು ಪ್ರೀತಿಯಿಂದಲೇ. ಅವರ ಕಾಲದಲ್ಲಿ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು, ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸುತ್ತಿದ್ದರು. ಪೂರ್ತಿ ಮಲಗಿದವರ ಬಸಿರು ಹೆಚ್ಚು ನಿಂತಿತು ಅಂತ ಇಷ್ಟು ವರ್ಷದ ಪರೀಕ್ಷೆಗಳಲ್ಲಿ ಎಲ್ಲೂ ಕಂಡಿಲ್ಲ. ಅದರ ಬದಲು, ಸದಾ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ. ಮಲಬದ್ಧತೆ ಬೇರೆ. ಎಲ್ಲಕ್ಕಿಂತ ಮುಖ್ಯ, ಗೋಡೆ ನೋಡುತ್ತಾ ಮಲಗಿದವರ ತಲೆ ಸುಮ್ಮನಿರುವುದಿಲ್ಲ. ಇನ್ನೊಂದು ವಿಚಿತ್ರ ಇದೆ. ಮಲಗಿದಾಗ ರಕ್ತ ಒಳಗೇ ಸೇರಿಕೊಂಡು, ಎದ್ದ ಕೂಡಲೇ ಒಟ್ಟಿಗೆ ಇಳಿಯುತ್ತದೆ. ‘ಎದ್ದಿದ್ದಕ್ಕೇ ಆಯಿತು’ ಅಂತ ಮನೆಯವರೆಲ್ಲ ತೀರ್ಮಾನ ಮಾಡುತ್ತಾರೆ! ಮನೆಯಲ್ಲಿ ಓಡಾಡಿ, ಸ್ನಾನ ಮಾಡಿ, ಕೂತು ಮಾಡುವ ಕೆಲಸ ಮಾಡಿ. ಭಾರ ಎತ್ತುವುದು, ಗಂಡಹೆಂಡತಿ ಕೂಡುವುದು, ಇವೆರಡನ್ನು ರಕ್ತ ನಿಲ್ಲುವ ತನಕ ಬಿಡಿ. ಆಫೀಸಿಗೆ ಹೋಗಬೇಕಾ ಬೇಡವಾ ಅನ್ನುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಹೋದರೆ ಕೂರಲು ಸೀಟು ಕೇಳಿ, ನಾಚಿಕೆ ಬೇಡ. ಅತ್ತೆಯವರ ಜೊತೆ ವಾದಕ್ಕೆ ಇಳಿಯಬೇಡಿ, ‘ಡಾಕ್ಟ್ರು ಅಡ್ಡಾಡಾಕ ಹೇಳ್ಯಾರ’ ಅಂತ ನನ್ನ ಮೇಲೆ ಹಾಕಿ. ಕೊಡ ಎತ್ತುವುದನ್ನು, ಬಟ್ಟೆ ಒಗೆಯುವುದನ್ನು ಮಾತ್ರ ಅವರ ಮಾತಿನಂತೆಯೇ ಬಿಟ್ಟುಬಿಡಿ!

ಇಂಜೆಕ್ಷನ್ ವಿಚಾರ ಕೇಳಿದ್ದೀರಿ. ನಿಮ್ಮ ವಿಷಯದಲ್ಲಿ ಇದು ಒಳ್ಳೆಯ ಪ್ರಶ್ನೆ. ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನು ಗರ್ಭಕೋಶವನ್ನು ಬಸಿರಿಗೆ ಹದ ಮಾಡಿ ಇಡುತ್ತದೆ. ರಕ್ತ ಕಂಡ ಎಲ್ಲರಿಗೂ ಇದನ್ನು ಕೊಟ್ಟರೆ ಉಪಯೋಗ ಇದೆಯಾ ಅಂತ ಬ್ರಿಟನ್ನಿನಲ್ಲಿ 4,000ಕ್ಕೂ ಹೆಚ್ಚು ಹೆಂಗಸರ ಮೇಲೆ ದೊಡ್ಡ ಅಧ್ಯಯನ ಮಾಡಿದರು. 2019ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಿಗೆ ಹಿಡಿದರೆ, ಔಷಧ ತಗೊಂಡವರಲ್ಲಿ 75% ಜನರಿಗೆ ಮಗು ಹುಟ್ಟಿತು, ಹೋಲಿಸಿ ನೋಡಲು ಕೊಟ್ಟ, ಔಷಧವೇ ಇಲ್ಲದ ಮಾತ್ರೆ ತಗೊಂಡವರಲ್ಲಿ 72%. ಹೆಚ್ಚೇನೂ ಫರಕಿಲ್ಲ. ಆದರೆ ಮೊದಲು ಗರ್ಭ ಹೋಗಿದ್ದು, ಈ ಸಲ ರಕ್ತ ಕಂಡವರಲ್ಲಿ ಒಂದಿಷ್ಟು ಉಪಯೋಗ ಕಂಡಿತು. ಹಿಂದೆ ಹೆಚ್ಚು ಸಲ ಹೋದವರಿಗೆ ಹೆಚ್ಚು. 2021ರಿಂದ ಬ್ರಿಟನ್ನಿನ ಮಾರ್ಗಸೂಚಿಯೇ ಇಂಥವರಿಗೆ ಕೆಳಗೆ (ಯೋನಿಯೊಳಗೆ) ಇಟ್ಟುಕೊಳ್ಳುವ ಪ್ರೊಜೆಸ್ಟೆರಾನ್ ಮಾತ್ರೆ ಕೊಡಿ ಅನ್ನುತ್ತದೆ. ಗರ್ಭಕೋಶದೊಳಗೇ ಬಸಿರಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಖಚಿತ ಆಗಿರಬೇಕು ಅನ್ನುವುದು ಷರತ್ತು. ನೀವು ಈ ಗುಂಪಿಗೆ ಸೇರುತ್ತೀರಿ. ನಿಮ್ಮ ಡಾಕ್ಟರ್ ಈಗಾಗಲೇ ಬರೆದಿರಬಹುದು, ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ. ಇಟ್ಟುಕೊಂಡರೆ ಬೆಳ್ಳಗೆ ಮೇಣದ ಹಾಗೆ ಕರಗಿ ಬರುತ್ತದೆ. ಅದು ಮಾತ್ರೆಯದು, ಹೆದರಬೇಡಿ. ವರ್ಣತಂತು ಕೆಟ್ಟ ಬಸಿರನ್ನು ಇದೂ ನಿಲ್ಲಿಸಲಾರದು. ಬೇರೆ ‘ನಿಲ್ಲುವ ಇಂಜೆಕ್ಷನ್’ಗಳಿಗೆ, ಎಚ್‌ಸಿಜಿ ಸೇರಿದಂತೆ, ಇಷ್ಟೂ ಆಧಾರ ಇಲ್ಲ. ಸೊಂಟ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಫೋಲಿಕ್ ಆ್ಯಸಿಡ್ ಮಾತ್ರೆ ಬಿಡಬೇಡಿ.

ಇನ್ನು ದಿನಕ್ಕೆ ಇಪ್ಪತ್ತು ಸಲ ಬಾತ್‌ರೂಮಿಗೆ ಹೋಗುವ ಮಾತು.

ನನಗೂ ಇದು ಗೊತ್ತು. ಪುಸ್ತಕದಿಂದ ಗೊತ್ತಾಗಿದ್ದಲ್ಲ. ನಾನು ಪಿಜಿ ಓದುವಾಗ ಮೊದಲ ಬಸಿರಿನ ಎಂಟನೇ ವಾರದಲ್ಲಿ, ಡ್ಯೂಟಿ ನಡುವೆ, ಕೆಂಪು ಕಂಡಿತು. ಆವತ್ತು ಬೆಳಿಗ್ಗೆಯಷ್ಟೇ ಒಬ್ಬ ಪೇಷಂಟಿಗೆ ‘ನಾಲ್ವರಲ್ಲಿ ಒಬ್ಬರಿಗೆ ಆಗ್ತದವ್ವಾ, ಹೆದರಬ್ಯಾಡ’ ಅಂತ ಹೇಳಿ ಬಂದಿದ್ದೆ. ಆ ಲೆಕ್ಕ ನನಗೆ ಮೂರು ಕಾಸಿನ ಕೆಲಸಕ್ಕೆ ಬರಲಿಲ್ಲ. ಹಾಸ್ಟೆಲಿನ ಬಾತ್‌ರೂಮಿನ ಬಲ್ಬು ಹಳದಿ. ಆ ಬೆಳಕಿನಲ್ಲಿ ಕಂದು ಯಾವುದು ಕೆಂಪು ಯಾವುದು ಗೊತ್ತಾಗದೆ, ಟಿಶ್ಯೂ ಹಿಡಿದುಕೊಂಡು ಕಿಟಕಿ ಹತ್ತಿರ ಹೋಗಿ ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಐದು ನಿಮಿಷದ ಮೇಲೆ ಮತ್ತೆ. ಮೂತ್ರ ಬಂದಿರುತ್ತಿರಲಿಲ್ಲ, ಸುಮ್ನೆ ಹೋಗಿ ನೋಡುವುದು. ನಿನ್ನೆಗಿಂತ ಕಡಿಮೆ ಅನಿಸಿದರೆ ಹತ್ತು ನಿಮಿಷ ಸಮಾಧಾನ. ಆಮೇಲೆ ‘ಸರಿಯಾಗಿ ನೋಡಿದೆನಾ?’ ಅನ್ನುವ ಅನುಮಾನ.

ಈ ನೋಡುವುದು ತುರಿಕೆ ಕೆರೆದ ಹಾಗೆ. ಕೆರೆದಾಗ ಹಿತ, ಬಿಟ್ಟ ಮೇಲೆ ಜಾಸ್ತಿ. ನನಗೆ ಆವಾಗ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಹೇಳಿದ ಮಾತನ್ನೇ ನಿಮಗೂ ಹೇಳುತ್ತೇನೆ. ಜೋರು ಬ್ಲೀಡಿಂಗನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನೇ ಬಂದು ಎಬ್ಬಿಸುತ್ತದೆ. ಹುಡುಕಿದಾಗ ಮಾತ್ರ ಕಾಣುವುದು ಇವತ್ತು ಏನನ್ನೂ ಬದಲಾಯಿಸುವುದಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ. ಬಿಳಿ ಪ್ಯಾಡ್ ಇಟ್ಟುಕೊಳ್ಳಿ, ಐದಾರು ತಾಸಿಗೊಮ್ಮೆ ಬದಲಿಸಿ, ಬದಲಿಸುವಾಗ ಒಂದು ಸಲ ನೋಡಿ. ತಾಯಿ ಕಾರ್ಡಿನ ಹಿಂದೆಯೋ ಒಂದು ನೋಟ್‌ಬುಕ್ಕಿನಲ್ಲೋ ಎರಡು ಶಬ್ದ ಬರೆಯಿರಿ: ‘ಬೆಳಿಗ್ಗೆ 7, ಕಂದು, ಸ್ವಲ್ಪ’. ಮುಗಿಯಿತು. ನಡುವೆ ಮೂತ್ರಕ್ಕೆ ಹೋದಾಗ ಟಿಶ್ಯೂ ನೋಡದೆ ಹಾಕಿ. ಮೊದಲ ದಿನ ಕೈ ತಡೆಯುವುದಿಲ್ಲ. ಇಪ್ಪತ್ತು ಇದ್ದದ್ದು ಹನ್ನೆರಡಾದರೂ ಸಾಕು. ಮೂರನೇ ದಿನಕ್ಕೆ ಆರಕ್ಕೆ ಬರುತ್ತದೆ. ಆ ನೋಟ್‌ಬುಕ್ ನಿಮ್ಮ ಡಾಕ್ಟರಿಗೆ ನೂರು ಮಾತಿಗಿಂತ ಉಪಯೋಗ. ಕೆಲವರು ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ತಂದು ತೋರಿಸುತ್ತಾರೆ, ಕೆಲವರು ಮೊಬೈಲಿನಲ್ಲಿ ಫೋಟೋ ತೆಗೆದಿರುತ್ತಾರೆ. ಗಟ್ಟಿಯಾದ ತುಣುಕು ಏನಾದರೂ ಬಿದ್ದರೆ ಮಾತ್ರ ಹಾಗೆ ಮಾಡಿ. ಸುಮ್ನೆ ಕಲೆಯ ಫೋಟೋ ಬೇಡ. ರಾತ್ರಿ ಅದನ್ನೇ ದೊಡ್ಡದು ಮಾಡಿ ನೋಡುತ್ತಾ ಕೂರುತ್ತೀರಿ.

ಹಾಗೆಯೇ ಮನೆಯಲ್ಲಿ ಮತ್ತೆ ಮತ್ತೆ ಯೂರಿನ್ ಟೆಸ್ಟ್ ಮಾಡುವುದು. ಬಸಿರು ನಿಂತುಹೋದರೂ ಅದು ವಾರಗಟ್ಟಲೆ ಎರಡು ಗೆರೆ ತೋರಿಸಬಹುದು, ಅದರಿಂದ ಏನೂ ತಿಳಿಯುವುದಿಲ್ಲ. ‘ಇವತ್ತು ವಾಕರಿಕೆ ಇಲ್ಲ, ಎದೆ ನೋವಿಲ್ಲ’ ಅಂತ ಎಣಿಸುವುದೂ ಹಾಗೇ. ವಾಕರಿಕೆ ಒಂದು ದಿನ ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ.

ರಾತ್ರಿಯ ಮಾತು ಬೇರೆ. ಹಗಲು ಹೇಗೋ ಕಳೆಯುತ್ತದೆ. ಮೊಬೈಲು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇರಲಿ. ಇಂಟರ್ನೆಟ್ಟಿನಲ್ಲಿ ಇದರ ಬಗ್ಗೆ ಬರೆಯುವವರು ಬಹುಪಾಲು ಕಳೆದುಕೊಂಡವರು. ಸುಖವಾಗಿ ಹೆತ್ತವರು ಕೂಸಿನ ಲಂಗೋಟಿ ತೊಳೆಯುತ್ತಿರುತ್ತಾರೆ, ಬರೆಯಲು ಅವರಿಗೆ ಪುರುಸೊತ್ತು ಎಲ್ಲಿದೆ? ಸಂಜೆ ಐದಕ್ಕೋ ಆರಕ್ಕೋ ಅರ್ಧ ತಾಸು ಚಿಂತೆಗೆ ಅಂತಲೇ ಇಡಿ. ಗಂಡನನ್ನು ಎದುರು ಕೂರಿಸಿಕೊಂಡು ಇದ್ದದ್ದೆಲ್ಲ ಹೇಳಿ. ಅವರು ಸಮಾಧಾನ ಹೇಳಬೇಕಾಗಿಲ್ಲ, ‘ಏನೂ ಆಗಲ್ಲ ಬಿಡು’ ಅಂತಂತೂ ಬೇಡವೇ ಬೇಡ ಅಂತ ಮೊದಲೇ ತಾಕೀತು ಮಾಡಿ. ಕೇಳಿದರೆ ಸಾಕು. ಹೋದ ವರ್ಷ ಅವರೂ ಒಂದು ಮಗು ಕಳೆದುಕೊಂಡಿದ್ದಾರೆ, ಅವರನ್ನು ಯಾರೂ ಕೇಳಿರಲಿಕ್ಕಿಲ್ಲ. ಆ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ‘ಸಂಜೆ ಬಾ’ ಅಂತ ಕಳಿಸಿ. ನಗು ಬರಬಹುದು, ಆದರೆ ಕೆಲಸ ಮಾಡುತ್ತದೆ.

ಕೈಗೆ ಎಣಿಸುವ ಕೆಲಸ ಕೊಡಿ. ನನ್ನ ಒಬ್ಬ ಪೇಷಂಟ್ ಧಾರವಾಡದವರು, ಮೂರನೇ ಬಸಿರಿನಲ್ಲಿ ಇಂಥದ್ದೇ ಹನ್ನೆರಡು ದಿನ ಕಾಯುವಾಗ ಕಸೂತಿ ಹಿಡಿದರು. ಇಳಕಲ್ ಸೀರೆಯ ತುಂಡಿನ ಮೇಲೆ ಗೋಪುರ. ಗವಂತಿ ಹೊಲಿಗೆ ಗೊತ್ತಲ್ಲ, ಹೋಗುವಾಗ ಒಂದು ಎಳೆ ಬಿಟ್ಟು ಒಂದು ಹೊಲಿಯುತ್ತಾ ಹೋಗಬೇಕು, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಬಟ್ಟೆಯ ಎಳೆ ಎಣಿಸುವುದು ಒಂದು ತಪ್ಪಿದರೂ ವಾಪಸು ಬಂದಾಗ ಕೂಡುವುದಿಲ್ಲ, ಬಿಚ್ಚಬೇಕು. ‘ಎಣಿಸೂಮುಂದ ಬ್ಯಾರೆ ಏನೂ ತಲ್ಯಾಗ ಬರಂಗಿಲ್ರೀ’ ಅಂದರು. ನಿಮಗೆ ಕಸೂತಿ ಬರಬೇಕಂತಿಲ್ಲ. ಜೋಳದಲ್ಲಿ ಹರಳು ಆರಿಸಿದರೂ ಆದೀತು.

ಇಷ್ಟಾದರೂ ಊಟ ಸೇರದೆ, ಎದೆ ಹೊಡೆದುಕೊಂಡು, ನಾಲ್ಕೈದು ರಾತ್ರಿ ನಿದ್ದೆಯೇ ಇಲ್ಲ ಅಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ನಮ್ಮ ಕಡೆ ‘ಧಾರವಾಡಕ್ಕ ಕಳಿಸಬೇಕು ನಿನ್ನ’ ಅಂತ ಚೇಷ್ಟೆ ಮಾಡುವುದರಿಂದ ಅಲ್ಲಿಗೆ ಹೋಗಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ನೀವು ದಿನಾ ಧಾರವಾಡಕ್ಕೇ ಹೋಗುವವರು, ನಿಮಗೇನು ಸಂಕೋಚ?

ಕಾಯುವುದನ್ನು ಬಿಟ್ಟು ಎದ್ದು ಹೊರಡಬೇಕಾದ ಹೊತ್ತೂ ಬರಬಹುದು, ಅದನ್ನು ಗಂಡನಿಗೂ ಅತ್ತೆಯವರಿಗೂ ಓದಿ ಹೇಳಿ. ಒಂದು ತಾಸಿಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದೆ, ಹೀಗೆ ಎರಡು ತಾಸು ನಡೆಯಿತು. ದೊಡ್ಡ ದೊಡ್ಡ ಗಡ್ಡೆ ಬೀಳುತ್ತಿವೆ. ತಡೆಯಲಾಗದ ನೋವು, ಅದರಲ್ಲೂ ಹೊಟ್ಟೆಯ ಒಂದೇ ಕಡೆ. ಭುಜದ ತುದಿಯಲ್ಲಿ ನೋವು. ಕಣ್ಣು ಕತ್ತಲೆ ಬಂದು ಬೀಳುವ ಹಾಗಾಗುವುದು. ಚಳಿಜ್ವರ, ವಾಸನೆಯ ಸೆರಗು. ಇವುಗಳಲ್ಲಿ ಒಂದಾದರೂ ಇದ್ದರೆ ಹತ್ತು ದಿನವೂ ಬೇಡ, ಬೆಳಗಾಗುವುದೂ ಬೇಡ. 108ಕ್ಕೆ ಫೋನ್ ಮಾಡಿ, ಇಲ್ಲವೇ ಆಟೋದಲ್ಲಿ ಹೋಗಿ, ಬೈಕಿನಲ್ಲಿ ಬೇಡ. ನಿಮ್ಮ ಡಾಕ್ಟರ್ ಸಿಗದಿದ್ದರೆ ವಿದ್ಯಾನಗರದ ಕಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ (ಈಗ ಕೆಎಂಸಿಆರ್‌ಐ ಅನ್ನುತ್ತಾರೆ) ರಾತ್ರಿಯಿಡೀ ಡಾಕ್ಟರುಗಳು ಇರುತ್ತಾರೆ. ತವರುಮನೆಗೆ ಹೋಗಬೇಕು ಅನಿಸಿದರೆ ಹೋಗಬಹುದು, ಆದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಎಷ್ಟು ಹೊತ್ತು ಅಂತ ಮೊದಲು ಲೆಕ್ಕ ಹಾಕಿ. ರಾತ್ರಿ ಗಾಡಿ ಸಿಗದ ಹಳ್ಳಿಯಾದರೆ ಈ ಹತ್ತು ದಿನ ಅವ್ವನನ್ನೇ ಹುಬ್ಬಳ್ಳಿಗೆ ಕರೆಸಿಕೊಳ್ಳಿ.

ಹತ್ತನೇ ದಿನ ಬಡಿತ ಕಾಣದೇ ಹೋದರೆ? ನೀವು ಕೇಳಿಲ್ಲ, ಆದರೆ ಯೋಚಿಸಿದ್ದೀರಿ. ಒಂದೇ ನೋಟಕ್ಕೆ ತೀರ್ಮಾನ ಮಾಡಬಾರದು ಅಂತ ನಮಗೆ ಅಳತೆಗಳಿವೆ. ಭ್ರೂಣ 7 ಮಿಲಿಮೀಟರ್ ಅಥವಾ ಜಾಸ್ತಿ ಇದ್ದೂ ಬಡಿತ ಇಲ್ಲ, ಅಥವಾ ಚೀಲ 25 ಮಿಲಿಮೀಟರ್ ಆಗಿಯೂ ಒಳಗೆ ಭ್ರೂಣ ಇಲ್ಲ ಅಂದರೆ ಮಾತ್ರ ಬಸಿರು ನಿಂತಿದೆ ಅನ್ನುತ್ತೇವೆ. ಅನುಮಾನ ಇದ್ದರೆ ಇನ್ನೊಮ್ಮೆ ನೋಡಿ ಅಂತ ಕೇಳುವ ಹಕ್ಕು ನಿಮಗಿದೆ. ಖಚಿತವೇ ಆದರೂ ಆ ದಿನವೇ ಕ್ಲೀನ್ ಮಾಡಿಸಲು ಓಡಬೇಕಾಗಿಲ್ಲ. ರಕ್ತ ಜೋರಿಲ್ಲದಿದ್ದರೆ ತಾನಾಗಿ ಹೋಗಲು ಕಾಯಬಹುದು, ಮಾತ್ರೆ ತಗೊಳ್ಳಬಹುದು, ಇಲ್ಲವೇ ಹೀರಿ ತೆಗೆಸಬಹುದು. ಮನೆಗೆ ಹೋಗಿ, ಒಂದು ರಾತ್ರಿ ಕಳೆದು ಬಂದು ಹೇಳಿದರಾಯಿತು. ಎರಡು ಸಲ ಹೋದವರಿಗೂ ಮುಂದಿನದು ನಿಲ್ಲುವ ಸಾಧ್ಯತೆಯೇ ಜಾಸ್ತಿ, ಆದರೆ ಎರಡಾದ ಮೇಲೆ ಒಂದಿಷ್ಟು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕೆಲಸದಲ್ಲಿ ಇರುವುದರಿಂದ ಇನ್ನೊಂದು ತಿಳಿದಿರಲಿ. ಕಾನೂನಿನ ಪ್ರಕಾರ ಗರ್ಭಪಾತವಾದವರಿಗೆ ಸಂಬಳ ಸಹಿತ ಆರು ವಾರ ರಜೆ ಇದೆ. ಹೋದ ವರ್ಷ ನೀವು ಎಷ್ಟು ದಿನಕ್ಕೆ ವಾಪಸು ಕೆಲಸಕ್ಕೆ ಹೋದಿರೋ ಏನೋ.

ಸ್ಕ್ಯಾನಿಂಗ್ ದಿನ ನೀವು ಸ್ಕ್ರೀನ್ ನೋಡುವುದಿಲ್ಲ, ಡಾಕ್ಟರ್ ಮುಖ ನೋಡುತ್ತೀರಿ. ಎಲ್ಲರೂ ಹಾಗೇ. ಅಳತೆ ತಗೊಳ್ಳುವಾಗ ನಾವು ಹುಬ್ಬು ಗಂಟಿಕ್ಕಿಕೊಂಡು ಮಾತಾಡದೆ ಇರುತ್ತೇವೆ, ಅದು ಕೆಟ್ಟ ಸುದ್ದಿಯ ಗುರುತಲ್ಲ, ಮೊದಲೇ ಹೇಳಿರುತ್ತೇನೆ. ಮಲಗುವ ಮೊದಲೇ ‘ಏನು ಕಂಡರೂ ಕೂಡಲೇ ಹೇಳಿ, ಒಳ್ಳೆಯದಾದರೂ ಕೆಟ್ಟದ್ದಾದರೂ’ ಅಂತ ಕೇಳಿಕೊಳ್ಳಿ. ಒಳಗಿನ ಸ್ಕ್ಯಾನಿಂಗ್ ಆದರೆ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಹೋಗಬೇಡಿ, ಮೂತ್ರ ಮಾಡಿಯೇ ಮಲಗಬೇಕು. ಒಳಗೆ ಗಂಡನನ್ನು ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನೋಟ್‌ಬುಕ್, ಮೊದಲ ರಿಪೋರ್ಟು, 35 ದಿನದ ಲೆಕ್ಕ ಬರೆದ ಚೀಟಿ ಕೈಯಲ್ಲಿರಲಿ.

ಒಂದು ವಿಷಯ ಮಾತ್ರ ನೀವು ಬರೆದಿಲ್ಲ, ನಿಮ್ಮ ರಕ್ತದ ಗುಂಪು. ಇವತ್ತೇ ಹೋದ ವರ್ಷದ ಫೈಲು ತೆಗೆದು ನೋಡಿ. ನೆಗೆಟಿವ್ ಇದ್ದು, ಗಂಡನದು ಪಾಸಿಟಿವ್ ಆಗಿದ್ದರೆ, ತಾಯಿಯ ರಕ್ತ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ ‘ಆ್ಯಂಟಿ ಡಿ’ ಇಂಜೆಕ್ಷನ್ ಆಗ ಕೊಟ್ಟಿದ್ದರಾ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಹುಡುಕಿ. ಈಗ ಬೇಕಾ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು, ಆ ಫೋನ್ ಹತ್ತನೇ ದಿನಕ್ಕೆ ಇಡಬೇಡಿ, ಇವತ್ತು ಸಂಜೆಯೇ ಮಾಡಿ.